ಹೊಸ ಬೋರ್ಡು ಅಂದ್ರೆ ಸರಿ ಇರೋ ಬೋರ್ಡು ಅಂತ ಯಾರು ಹೇಳಿದ್ರು?

ಓದುಗರ ಪ್ರಶ್ನೆ, ರಿಪೇರಿ ಬೆಂಚಿನ ಉತ್ತರ

ಈ ಸಲ ಬಂದಿರೋ ಕಾಗದ, ಮೇಲ್, ವಾಟ್ಸಾಪ್ ಎಲ್ಲಾ ಒಟ್ಟಿಗೆ ಹರಡ್ಕೊಂಡು ನೋಡಿದ್ರೆ ಅರ್ಧಕ್ಕರ್ಧ ಒಂದೇ ಗೋಳು. ಹೊಸಾ ಸರ್ಕ್ಯೂಟ್ ಬೋರ್ಡ್ ತಂದೆ, ಕನೆಕ್ಷನ್ ಕೊಟ್ಟೆ, ಹೊಗೆ ಬಂತು, ಇಲ್ಲಾ ಏನೂ ಬರ್ಲೇ ಇಲ್ಲ. ಅದಕ್ಕೇ ಈ ಸಂಚಿಕೆಯ ಜಾಗ ಪೂರ್ತಿ ಇದಕ್ಕೇ ಬಿಟ್ಟಿದೀನಿ, ಟಿವಿ ಬ್ಯಾಕ್‌ಲೈಟ್ ಬಗ್ಗೆ ಕೇಳಿದವ್ರು ಮುಂದಿನ ತಿಂಗಳವರೆಗೆ ಸ್ವಲ್ಪ ತಡ್ಕೊಳ್ಳಿ.

ಪ್ರಶ್ನೆ: ಸಾರ್, ನಾವು ತುಮಕೂರಲ್ಲಿ ಡಿಪ್ಲೊಮಾ ಇ ಅಂಡ್ ಸಿ ಓದ್ತಿದೀವಿ. ಪ್ರಾಜೆಕ್ಟಿಗೆ ಅಂತ ಬೆಂಗಳೂರು ಎಸ್‌ಪಿ ರೋಡಿಂದ ಐದು ಇಎಸ್‌ಪಿ32 ಬೋರ್ಡ್ (ವೈಫೈ ಇರೋ ಪುಟ್ಟ ಕಂಟ್ರೋಲರ್) ತಂದ್ವಿ. ನಾಲ್ಕು ಚೆನ್ನಾಗಿದೆ, ಒಂದು ಮಾತ್ರ ಲ್ಯಾಪ್‌ಟಾಪಿಗೆ ಚುಚ್ಚಿದ ತಕ್ಷಣ ಬಿಸಿಯಾಗಿ ಸುಟ್ಟ ವಾಸನೆ ಬಂತು. ಲ್ಯಾಪ್‌ಟಾಪಿನ ಆ ಯುಎಸ್‌ಬಿ ಪೋರ್ಟೂ ಸತ್ತಂಗಾಗಿ ರೀಸ್ಟಾರ್ಟ್ ಮಾಡಿದ್ಮೇಲೆ ಬಂತು. ಅಂಗಡಿಯವ್ರು ‘ನೀವೇ ಸುಟ್ಟಿದ್ದು’ ಅಂತಾರೆ. ಕರೆಂಟ್ ಕೊಡೋಕ್ ಮುಂಚೆ ಏನೇನ್ ನೋಡ್ಬೇಕಿತ್ತು?

ಉತ್ತರ: ಮೊದಲು ಒಳ್ಳೆ ಸುದ್ದಿ, ಲ್ಯಾಪ್‌ಟಾಪ್ ತನ್ನನ್ನ ತಾನೇ ಕಾಪಾಡ್ಕೊಂಡಿದೆ. ಪೋರ್ಟಲ್ಲಿ ಕರೆಂಟ್ ಮಿತಿ ಮೀರಿದ್ರೆ ಕಟ್ ಮಾಡೋ ವ್ಯವಸ್ಥೆ ಇರುತ್ತೆ, ಅದು ಕೆಲಸ ಮಾಡಿದೆ. ಎಲ್ಲಾ ಲ್ಯಾಪ್‌ಟಾಪಲ್ಲೂ ಅದು ಇಷ್ಟೇ ನಿಯತ್ತಾಗಿ ಕೆಲಸ ಮಾಡುತ್ತೆ ಅಂತ ನಂಬ್ಕೊಂಡು ಇನ್ನೊಂದ್ಸಲ ಟ್ರೈ ಮಾಡ್ಬೇಡಿ.

ನಿಮ್ಮ ಹತ್ರ ಒಂದು ದೊಡ್ಡ ಆಸ್ತಿ ಇದೆ, ನಿಮಗೇ ಗೊತ್ತಿಲ್ಲ. ಅದೇ ಕಂಪನಿಯ ಸರಿ ಇರೋ ನಾಲ್ಕು ಬೋರ್ಡು. ಬೋರ್ಡ್ ಚೆಕ್ ಮಾಡೋದು ಅಂದ್ರೆ ಪುಸ್ತಕ ಇಟ್ಕೊಂಡು ನೋಡೋದಲ್ಲ, ಸರಿ ಇರೋದನ್ನ ಪಕ್ಕದಲ್ಲಿಟ್ಟು ಏನು ಬೇರೆ ಇದೆ ಅಂತ ಹುಡುಕೋದು, ಮಕ್ಕಳ ಪತ್ರಿಕೇಲಿ ಎರಡು ಚಿತ್ರ ಕೊಟ್ಟು ಆರು ವ್ಯತ್ಯಾಸ ಕಂಡುಹಿಡೀರಿ ಅಂತಾರಲ್ಲ, ಅದೇ. ಎರಡನ್ನೂ ಒಂದೇ ದಿಕ್ಕಲ್ಲಿ ಇಟ್ಟು ಮೊಬೈಲಲ್ಲಿ ಫೋಟೋ ತೆಗೀರಿ, ಝೂಮ್ ಮಾಡ್ಕೊಂಡು ಒಂದು ಮೂಲೆಯಿಂದ ಶುರು ಮಾಡಿ. ಇದರಲ್ಲಿರೋ ಚುಕ್ಕಿ ಗಾತ್ರದ ಕೆಪಾಸಿಟರ್ ಅದರಲ್ಲಿ ಇದ್ಯಾ, ಐಸಿ ಮೇಲಿನ ಚುಕ್ಕಿ ಗುರುತು ಅದೇ ಮೂಲೇಲಿದ್ಯಾ, ಡಯೋಡಿನ ಗೆರೆ ಅದೇ ಕಡೆಗಿದ್ಯಾ.

ಬೆಳಕಿನ ವಿಷಯ ಯಾರೂ ಹೇಳ್ಕೊಡಲ್ಲ. ಟ್ಯೂಬ್‌ಲೈಟ್ ಕೆಳಗೆ ನೇರ ಹಿಡ್ಕೊಂಡು ನೋಡಿದ್ರೆ ಎಲ್ಲಾ ಬೆಸುಗೆಯೂ ಒಂದೇ ಥರ ಮಿನುಗುತ್ತೆ, ಏನೂ ತಿಳಿಯಲ್ಲ. ಮೊಬೈಲ್ ಟಾರ್ಚನ್ನ ಬೋರ್ಡಿನ ಪಕ್ಕದಿಂದ, ಹೆಚ್ಚುಕಮ್ಮಿ ಮಲಗಿಸಿ ಹಾಕಿ, ಬೋರ್ಡನ್ನ ನಿಧಾನಕ್ಕೆ ತಿರುಗಿಸ್ತಾ ಹೋಗಿ. ಕಾಲು ಕಾಲಿನ ಮಧ್ಯ ಸೇತುವೆ ಕಟ್ಕೊಂಡಿರೋ ಬೆಸುಗೆ, ಎದ್ದು ನಿಂತಿರೋ ಕಾಲು, ಅಲ್ಲಲ್ಲಿ ಅಂಟ್ಕೊಂಡಿರೋ ಸಾಸಿವೆಗಿಂತ ಸಣ್ಣ ಬೆಸುಗೆ ಗುಂಡು ಎಲ್ಲಾ ನೆರಳು ಬಿಟ್ಟು ಕಾಣಿಸುತ್ತೆ. ಅದರ ಜೊತೆಗೊಂದು ಹತ್ತು ಪಟ್ಟಿನ ಭೂತಗನ್ನಡಿ ಸಾಕು, ಗಡಿಯಾರ ರಿಪೇರಿಯವ್ರು ಕಣ್ಣಿಗೆ ಸಿಗಿಸ್ಕೊಳ್ತಾರಲ್ಲ ಅದೂ ಆಗುತ್ತೆ. ಹಳೇ ಟೂತ್‌ಬ್ರಶ್ಶಿಗೆ ಸ್ವಲ್ಪ ಐಪಿಎ, ಅಂದ್ರೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಉಜ್ಜಿದ್ರೆ ಸಡಿಲ ಗುಂಡುಗಳು ಉದುರಿ ಹೋಗ್ತವೆ. ಒಣಗಿದ ಮೇಲೆ ಇನ್ನೊಂದ್ಸಲ ನೋಡಿ.

ನಿಮ್ಮ ಬೋರ್ಡಲ್ಲಿ ನಾನಾದ್ರೆ ಮೊದಲು ಎಲ್ಲಿ ನೋಡ್ತಿದ್ದೆ ಅಂದ್ರೆ, ಆ ಲೋಹದ ಟೋಪಿ ಹಾಕಿರೋ ಮಾಡ್ಯೂಲಿನ ಮೂಲೆ. ವ್ರೂಮ್-32 ಅನ್ನೋ ಮಾಡ್ಯೂಲ್ ಆಗಿದ್ರೆ ಅದರ ಅಂಚಿನ ಕಾಲುಗಳ ನಡುವಿನ ಅಂತರ 1.27 ಮಿಲಿಮೀಟರ್, ಮೊದಲನೇ ಕಾಲು ಗ್ರೌಂಡು (ಸಪ್ಲೈನ ಮೈನಸ್ ಕಡೆ), ಅದರ ಪಕ್ಕದ್ದೇ 3.3 ವೋಲ್ಟು. ಅವೆರಡರ ಮಧ್ಯ ಬೆಸುಗೆ ಹರಿದಿದ್ರೆ ಅಲ್ಲಿಗೆ ಕಥೆ ಮುಗೀತು, ಸಪ್ಲೈ ನೇರ ಗ್ರೌಂಡಿಗೆ. ಎರಡನೇ ಜಾಗ ಯುಎಸ್‌ಬಿಯಿಂದ ಬಂದ 5 ವೋಲ್ಟನ್ನ 3.3ಕ್ಕೆ ಇಳಿಸೋ ರೆಗ್ಯುಲೇಟರು, ಸಾಮಾನ್ಯವಾಗಿ ಎಎಂಎಸ್1117 ಅಂತ ಬರೆದಿರುತ್ತೆ, ಮೂರು ಕಾಲು, ಹಿಂದೆ ಒಂದು ಅಗಲ ಬಾಲ. ಆ ಬಾಲ ಗ್ರೌಂಡ್ ಅಂದ್ಕೊಂಡು ಎಷ್ಟೋ ಜನ ಮೀಟರ್ ಕಪ್ಪು ವೈರ್ ಅಲ್ಲೇ ಇಡ್ತಾರೆ, ಅಲ್ಲ, ಅದು ಔಟ್‌ಪುಟ್ಟು, ಮಧ್ಯದ ಕಾಲಿಗೆ ಸೇರಿರೋದು. ಮೂರನೇದು ಯುಎಸ್‌ಬಿ ಸಾಕೆಟ್. ಮೈಕ್ರೋ ಯುಎಸ್‌ಬಿ ಆಗಿದ್ರೆ ಕಾಲುಗಳ ಅಂತರ 0.65 ಮಿಲಿಮೀಟರ್, ಟೈಪ್-ಸಿ ಆಗಿದ್ರೆ 0.5, ಅಲ್ಲಿ ಸೇತುವೆ ಕಟ್ಟೋದು ತೀರಾ ಮಾಮೂಲಿ. (ಮೈಕ್ರೋ ಯುಎಸ್‌ಬಿಯ ಕೊನೇ ಎರಡು ಕಾಲು ಸೇರ್ಕೊಂಡಿದ್ರೆ ಗಾಬರಿ ಬೇಡ, ಒಂದು ಗ್ರೌಂಡು ಇನ್ನೊಂದು ಐಡಿ, ನಿಮ್ಮ ಕೆಲಸಕ್ಕೆ ಏನೂ ತೊಂದ್ರೆ ಇಲ್ಲ.)

ಕಣ್ಣಿನ ಕೆಲಸ ಆಯ್ತು, ಈಗ ಮೀಟರ್. ಬೋರ್ಡಿಗೆ ಯಾವ ವೈರೂ ಇರಬಾರದು. ಮೀಟರಿನ ಎರಡು ಕಡ್ಡಿ ಒಂದಕ್ಕೊಂದು ಮುಟ್ಟಿಸಿ ಎಷ್ಟು ತೋರಿಸುತ್ತೆ ನೋಡ್ಕೊಳ್ಳಿ, ವೈರಿಂದೇ ಸ್ವಲ್ಪ ಇರುತ್ತೆ. ಆಮೇಲೆ 3.3 ವೋಲ್ಟ್ ಪಿನ್ನಿಗೂ ಗ್ರೌಂಡಿಗೂ, 5 ವೋಲ್ಟ್ ಪಿನ್ನಿಗೂ ಗ್ರೌಂಡಿಗೂ ಓಮ್ ಅಳೀರಿ. ಕೆಪಾಸಿಟರ್ ಚಾರ್ಜ್ ಆಗೋವರೆಗೆ ಅಂಕಿ ಮೇಲಕ್ಕೆ ಏರ್ತಾ ಹೋಗುತ್ತೆ, ನಿಲ್ಲೋವರೆಗೆ ಕಾಯಿರಿ. ಒಂದೆರಡು ಓಮಲ್ಲೇ ಕೂತ್ಬಿಟ್ರೆ ಯುಎಸ್‌ಬಿ ಕಡೆ ತಲೆ ಹಾಕ್ಬೇಡಿ. ಎಷ್ಟಿರಬೇಕು ಅಂತ ಕೇಳ್ಬೇಡಿ, ಬೋರ್ಡಿಂದ ಬೋರ್ಡಿಗೆ ಬೇರೆ, ಸರಿ ಇರೋ ನಾಲ್ಕರಲ್ಲಿ ಎಷ್ಟಿದೆಯೋ ಹೆಚ್ಚುಕಮ್ಮಿ ಅಷ್ಟಿರಬೇಕು. ಅದಕ್ಕೇ ಹೇಳಿದ್ದು ಆ ನಾಲ್ಕು ಆಸ್ತಿ ಅಂತ.

ಕೊನೆಗೆ ಕರೆಂಟು. ಲ್ಯಾಬಲ್ಲಿ ಕರೆಂಟ್ ಲಿಮಿಟ್ ಇರೋ ಪವರ್ ಸಪ್ಲೈ ಇದ್ದೇ ಇರುತ್ತೆ, ಲ್ಯಾಬ್ ಅಟೆಂಡರನ್ನ ಹಿಡೀರಿ. 5 ವೋಲ್ಟ್, 100 ಮಿಲಿಆಂಪ್ ಲಿಮಿಟ್ ಇಟ್ಟು ಶುರು ಮಾಡಿ. ಶಾರ್ಟ್ ಇದ್ರೆ ವೋಲ್ಟ್ ಧಡಕ್ಕಂತ ಕೆಳಗೆ ಬಿದ್ದು ಲಿಮಿಟ್ ದೀಪ ಹತ್ತುತ್ತೆ, ಏನೂ ಸುಡಲ್ಲ. ಎಲ್ಲಾ ಸರಿ ಅನ್ಸಿದ್ಮೇಲೆ ಲಿಮಿಟ್ 500ಕ್ಕೆ ಏರಿಸಿ, ಯಾಕಂದ್ರೆ ವೈಫೈ ಸಿಗ್ನಲ್ ಬಿಡೋ ಕ್ಷಣದಲ್ಲಿ ಈ ಚಿಪ್ಪು 240 ಮಿಲಿಆಂಪ್ ಆಸುಪಾಸು ಎಳೆಯುತ್ತೆ, ಕಮ್ಮಿ ಇಟ್ರೆ ಸುಮ್ನೆ ರೀಸೆಟ್ ಆಗ್ತಾ ಕೂರುತ್ತೆ, ಆಗ ನೀವು ಬೋರ್ಡೇ ಕೆಟ್ಟಿದೆ ಅಂತ ಬೈಕೊಳ್ತೀರಿ.

ಈಗ ನಿಮ್ಮ ತಪ್ಪೂ ಇರಬಹುದಾ ಅಂತ ಒಂದು ಮಾತು. ಪಿನ್ ಹೆಡರನ್ನ, ಅಂದ್ರೆ ವೈರ್ ಸಿಗಿಸೋ ಪಿನ್ ಸಾಲನ್ನ, ನೀವೇ ಬೆಸೆದ್ರಾ? ಹಂಗಿದ್ರೆ ಅಂಗಡಿಯವ್ರು ಹೇಳೋದ್ರಲ್ಲೂ ಅರ್ಥ ಇದೆ, ಮೊದಲು ಅಲ್ಲೇ ನೋಡಿ. ಬೋರ್ಡ್ ಬಂದಿದ್ದ ಬೆಳ್ಳಿ ಬಣ್ಣದ ಕವರ್ ಮೇಲೇ ಬೋರ್ಡ್ ಇಟ್ಟು ಕರೆಂಟ್ ಕೊಟ್ರಾ? ಅದರ ಒಳಪದರ ಲೋಹದ್ದು, ಕೆಳಗಿನ ಚೂಪು ಪಿನ್ ಚುಚ್ಚಿ ಅದನ್ನ ಮುಟ್ಟಬಹುದು. ಮರದ ಮೇಜು, ಒಣ ರಟ್ಟು, ಇಷ್ಟೇ ಸಾಕು. ಇನ್ಮೇಲೆ ಕವರಿಂದ ತೆಗೆದ ತಕ್ಷಣ ಎರಡೂ ಕಡೆ ಫೋಟೋ ತೆಗೆದಿಡಿ, ಬೆಸುಗೆ ಮುಟ್ಟೋಕ್ ಮುಂಚೆ. ನಾನೂ ಒಂದ್ಸಲ ಹತ್ತು ರಿಲೇ ಮಾಡ್ಯೂಲ್ ತಂದು, ಒಂದರಲ್ಲಿ ಟ್ರಾನ್ಸಿಸ್ಟರ್ ಉಲ್ಟಾ ಇದ್ದಿದ್ದು ಕಾಣದೆ ಅದಕ್ಕೇ ಎರಡು ದಿನ ಪ್ರೋಗ್ರಾಂ ತಿದ್ದಿದೀನಿ, ಅಂಗಡಿಗೆ ತಗೊಂಡೋದ್ರೆ ‘ಹೋದ ವಾರದ್ದಲ್ವಾ ಅಣ್ಣ’ ಅಂದ್ಬಿಟ್ರು. ಫೋಟೋ ಇದ್ದಿದ್ರೆ ಮಾತಾಡಬಹುದಿತ್ತು.

ಪ್ರಶ್ನೆ: ಹೊಸ ಸ್ಟೆಬಿಲೈಸರ್ ಕಾರ್ಡ್ ತಗೊಂಡೆ. ಬೆಸುಗೆ ಎಲ್ಲಾ ಮಂಕಾಗಿದೆ, ಹಳೇ ಕಾರ್ಡಿನ ಥರ ಹೊಳಪಿಲ್ಲ. ಡ್ರೈ ಸೋಲ್ಡರಾ? ಎಲ್ಲಾ ಜಾಯಿಂಟೂ ನಾನೇ ಇನ್ನೊಂದ್ಸಲ ಐರನ್ ಇಟ್ಟು ಬಿಸಿ ಮಾಡ್ಲಾ? — ದಾವಣಗೆರೆ

ಉತ್ತರ: ದಯವಿಟ್ಟು ಬೇಡ. ನಮ್ಮ ಕಾಲದವರಿಗೆ ಬೆಸುಗೆ ಅಂದ್ರೆ ಹೊಳೀಬೇಕು ಅಂತ ತಲೇಲಿ ಕೂತ್ಬಿಟ್ಟಿದೆ, ಯಾಕಂದ್ರೆ ಆಗ 63 ಭಾಗ ತವರ 37 ಭಾಗ ಸೀಸ ಇರೋ ತಂತಿ, 183 ಡಿಗ್ರಿಗೆ ಕರಗಿ ಆರಿದ್ರೆ ಕನ್ನಡಿ. 2006ರ ಜುಲೈಯಿಂದ ಯೂರೋಪಿನವ್ರು ಹೆಚ್ಚಿನ ಎಲೆಕ್ಟ್ರಾನಿಕ್ಸ್ ಸಾಮಾನಲ್ಲಿ ಸೀಸಕ್ಕೆ ಕಡಿವಾಣ ಹಾಕಿದ್ರು, ಅಲ್ಲಿಗೆ ಮಾರೋ ಫ್ಯಾಕ್ಟರಿಗಳೆಲ್ಲಾ ಸೀಸ ಬಿಟ್ಟು ತವರ, ಬೆಳ್ಳಿ, ತಾಮ್ರದ ಮಿಶ್ರಣಕ್ಕೆ ಬಂದ್ವು. ಜಾಸ್ತಿ ಬಳಸೋದು 96.5 ಭಾಗ ತವರ, 3 ಭಾಗ ಬೆಳ್ಳಿ, ಅರ್ಧ ಭಾಗ ತಾಮ್ರ. ಕರಗೋಕೆ 217 ಡಿಗ್ರಿ ಮೇಲೆ ಬೇಕು, ಆರಿದ್ಮೇಲೆ ಮಂಕು, ಸ್ವಲ್ಪ ತರಿತರಿ. ಅದು ಅದರ ಗುಣ, ರೋಗ ಅಲ್ಲ.

ನೋಡಬೇಕಾದ್ದು ಹೊಳಪಲ್ಲ, ಆಕಾರ. ಬೆಸುಗೆ ಪಿನ್ನಿಗೂ ತಾಮ್ರಕ್ಕೂ ಹಬ್ಬಿಕೊಂಡು, ಅಂಚು ತೆಳುವಾಗಿ ಇಳಿಜಾರಾಗಿ ಇಳಿದಿದ್ರೆ ಹಿಡ್ಕೊಂಡಿದೆ. ಕೆಸುವಿನೆಲೆ ಮೇಲಿನ ನೀರಿನ ಥರ ಗುಂಡಗೆ ಕೂತಿದ್ರೆ ಹಿಡ್ಕೊಂಡಿಲ್ಲ, ಎಷ್ಟೇ ಹೊಳೆದ್ರೂ ಅಷ್ಟೇ. ಪಿನ್ನಿನ ಸುತ್ತ ಕೂದಲೆಳೆಯಷ್ಟು ಕಪ್ಪು ಉಂಗುರ ಕಂಡ್ರೆ ಅದು ಬಿರುಕು, ನೀವು ಹುಡುಕ್ತಿರೋ ಡ್ರೈ ಸೋಲ್ಡರ್ ಅದೇ. ಸುಮ್ನೆ ಎಲ್ಲಾದಕ್ಕೂ ಐರನ್ ಇಟ್ರೆ ಕೆಳಗಿನ ತಾಮ್ರದ ಪ್ಯಾಡ್ ಕಿತ್ಕೊಂಡು ಬರುತ್ತೆ, ಇಲ್ಲದ ಖಾಯಿಲೆ ತಂದ್ಕೊಂಡಂಗೆ.

ಪ್ರಶ್ನೆ: ಹಿರಿಯೂರು ಕಡೆ ಅಡಿಕೆ ತೋಟ ನಮ್ದು. ಬೋರ್‌ವೆಲ್ ಮೋಟರಿಗೆ ಮೊಬೈಲ್ ಸ್ಟಾರ್ಟರ್ ಹೊಸದಾಗಿ ಹಾಕ್ಸಿ ಎರಡು ವಾರ ಆಗಿದೆ. ಬೆಳಿಗ್ಗೆ ಫೋನ್ ಮಾಡಿದ್ರೆ ಮೋಟರ್ ಆನ್ ಆಗುತ್ತೆ, ಸಂಜೆ ಮೇಲೆ ಒಂದೊಂದ್ಸಲ ಆಗಲ್ಲ. ಮೆಕ್ಯಾನಿಕ್ ಬಂದು ಒಳಗಿನ ಬೋರ್ಡ್ ಬೆಸುಗೆ ಬಿಟ್ಟಿದೆ ಅಂತಾನೆ, ಬಿಚ್ಚಿ ಬೆಸೀತೀನಿ ಅಂತಾನೆ. ಬಿಡಬಹುದಾ?

ಉತ್ತರ: ಸ್ವಾಮಿ, ಇನ್ನೂ ಬಿಡಬೇಡಿ. ಎರಡು ವಾರದ ಮಾಲು, ವಾರಂಟಿ ಇದ್ದೇ ಇರುತ್ತೆ, ಒಂದ್ಸಲ ಐರನ್ ಮುಟ್ಟಿಸಿದ್ರೆ ಕಂಪನಿಯವ್ರು ಅದನ್ನೇ ನೆಪ ಮಾಡ್ಕೊಂಡು ಕೈತೊಳ್ಕೊಳ್ತಾರೆ.

ಮತ್ತೆ ಇದು ಬೆಸುಗೆ ಅಂತ ಅಷ್ಟು ಸುಲಭಕ್ಕೆ ಹೇಳೋಕೂ ಆಗಲ್ಲ. ಈ ಸ್ಟಾರ್ಟರುಗಳಲ್ಲಿ ಸಾಮಾನ್ಯವಾಗಿ ವೋಲ್ಟೇಜ್ ಕಮ್ಮಿ ಇದ್ರೆ, ಮೂರರಲ್ಲಿ ಒಂದು ಫೇಸ್ ಇಲ್ದಿದ್ರೆ ಮೋಟರ್ ಆನ್ ಆಗದಂಗೆ ತಡೆಯೋ ವ್ಯವಸ್ಥೆ ಇರುತ್ತೆ, ಮೋಟರ್ ಸುಡಬಾರದು ಅಂತ. ಸಂಜೆ ಊರಿನ ಪಂಪ್‌ಸೆಟ್ಟೆಲ್ಲಾ ಒಟ್ಟಿಗೆ ಶುರುವಾದ್ರೆ ಲೈನಲ್ಲಿ ಎಷ್ಟು ವೋಲ್ಟ್ ಉಳಿಯುತ್ತೆ ಅಂತ ನಿಮಗೆ ನಾನು ಹೇಳ್ಬೇಕಾ. ಹಂಗಾಗಿ ಮುಂದಿನ ಸಲ ಆನ್ ಆಗ್ದಿದ್ದಾಗ ಓಡಿಹೋಗಿ ಪೆಟ್ಟಿಗೆ ಮೇಲಿನ ಡಿಸ್‌ಪ್ಲೇ ಇಲ್ಲಾ ದೀಪಗಳನ್ನ ಫೋಟೋ ತೆಗೀರಿ. ಲೋ ವೋಲ್ಟೇಜ್ ಅಂತಲೋ ಫೇಸ್ ಫೇಲ್ ಅಂತಲೋ ತೋರಿಸಿದ್ರೆ ಬೋರ್ಡಿನ ತಪ್ಪಲ್ಲ, ಅದು ತನ್ನ ಕೆಲಸ ತಾನು ಮಾಡ್ತಿದೆ. ಟವರ್ ಸಿಗ್ನಲ್ ಇದ್ಯಾ ಅಂತಲೂ ನೋಡಿ.

ಎಲ್ಲಾ ದೀಪ ಸರಿ ಇದ್ದು, ಪೆಟ್ಟಿಗೆ ಒಳಗೆ ರಿಲೇ ಅನ್ನೋ ಸಣ್ಣ ಸ್ವಿಚ್ಚು ‘ಟಿಕ್’ ಅಂತ ಸದ್ದು ಮಾಡಿಯೂ, ಮೋಟರಿಗೆ ಕರೆಂಟ್ ಬಿಡೋ ದೊಡ್ಡ ಕಾಂಟ್ಯಾಕ್ಟರ್ ಎಳೀಲಿಲ್ಲ ಅಂದ್ರೆ ಆಗ ಅನುಮಾನ ಪಡಿ. ಇಂಥಾ ಬೋರ್ಡಲ್ಲಿ ಬೆಸುಗೆ ಬಿಡೋದು ಹೆಚ್ಚಾಗಿ ಭಾರದ ಸಾಮಾನುಗಳ ಬುಡದಲ್ಲಿ, ಅಂದ್ರೆ ಟ್ರಾನ್ಸ್‌ಫಾರ್ಮರ್, ರಿಲೇ, ಆಮೇಲೆ ವೈರ್ ಸ್ಕ್ರೂ ಮಾಡೋ ಟರ್ಮಿನಲ್. ಕಾರಣ ಸಿಂಪಲ್ಲು. ಕಾಂಟ್ಯಾಕ್ಟರ್ ಪ್ರತಿಸಲ ಧಡ್ ಅಂತ ಹೊಡೆದಾಗ ಪೆಟ್ಟಿಗೆ ಪೂರ್ತಿ ಅದುರುತ್ತೆ, ಮಧ್ಯಾಹ್ನದ ಬಿಸಿಲಿಗೆ ತಗಡಿನ ಪೆಟ್ಟಿಗೆ ಕಾದು ರಾತ್ರಿ ತಣ್ಣಗಾಗುತ್ತೆ, ಬೋರ್ಡು ಒಂಥರಾ ಹಿಗ್ಗುತ್ತೆ ಪಿನ್ನು ಒಂಥರಾ ಹಿಗ್ಗುತ್ತೆ, ಮಧ್ಯದಲ್ಲಿ ಸಿಕ್ಕಾಕ್ಕೊಂಡಿರೋದು ಬೆಸುಗೆ. ಇನ್ನು ವೈರ್ ಹಾಕೋವಾಗ ಸ್ಕ್ರೂಡ್ರೈವರಲ್ಲಿ ಶಕ್ತಿ ಪ್ರದರ್ಶನ ಮಾಡಿ ಟರ್ಮಿನಲ್ಲನ್ನೇ ತಿರುಗಿಸಿಬಿಟ್ಟಿರ್ತಾರೆ, ಕೆಳಗೆ ಬೆಸುಗೆ ಬಿರುಕು ಬಿಟ್ಟಿದ್ದು ಯಾರಿಗೂ ಕಾಣಲ್ಲ. ಒಳ್ಳೆ ಬೋರ್ಡಲ್ಲಿ ಟ್ರಾನ್ಸ್‌ಫಾರ್ಮರ್ ಬುಡಕ್ಕೆ ಬಿಳೀ ಅಂಟು ಹಾಕಿರ್ತಾರೆ, ಅದನ್ನ ನೋಡಿ ಕೊಳಕು ಅಂತ ಕೀಳಬೇಡಿ, ಅದು ಅದುರಬಾರದು ಅಂತ ಹಾಕಿರೋದು.

ಇನ್ನೊಂದು ಮಾತು, ಇದನ್ನ ಎರಡು ಸಲ ಓದಿ. ಅದರೊಳಗೆ 415 ವೋಲ್ಟ್ ಮೂರು ಫೇಸ್ ಇದೆ. ಪೆಟ್ಟಿಗೆ ಬಾಗಿಲು ತೆಗೆದು ಕಡ್ಡಿಯಲ್ಲಿ ತಟ್ಟಿ ನೋಡೋ ಯೂಟ್ಯೂಬ್ ವಿಡಿಯೋ ಬೇಕಾದಷ್ಟಿವೆ, ನೀವು ಮಾಡ್ಬೇಡಿ, ಅದರಲ್ಲೂ ಕೈ ಒದ್ದೆ, ಕಾಲಡಿ ಕೆಸರು ಇರೋ ತೋಟದಲ್ಲಿ. ಮೇನ್ ಆಫ್ ಮಾಡಿ, ಫ್ಯೂಸ್ ಕಿತ್ತು ಜೇಬಲ್ಲಿ ಇಟ್ಕೊಂಡ ಮೇಲೇ ಬಾಗಿಲು. ಬರೀ ಕಣ್ಣಲ್ಲಿ ನೋಡೋಕೂ ಅಷ್ಟೇ.

ಪ್ರಶ್ನೆ: ಸರ, ನಾ ಹುಬ್ಬಳ್ಳ್ಯಾಗ ಲ್ಯಾಪ್‌ಟಾಪ್ ರಿಪೇರಿ ಕಲಿಯಾಕತ್ತೀನ್ರಿ. ಹೊಸಾ ಮದರ್‌ಬೋರ್ಡ್ ಬಂದೈತಿ, ಪ್ರೊಸೆಸರ್ ಬಾಜೂಕಿನ ಕಾಯಿಲ್‌ಗೆ ಮೀಟರ್ ಹಚ್ಚಿದ್ರ ಗ್ರೌಂಡಿಗೆ ಬೀಪ್ ಅಂತೈತ್ರಿ. ಶಾರ್ಟ್ ಐತೇನ್ರಿ? ವಾಪಸ್ ಕಳಸ್ಲೇನು?

ಉತ್ತರ: ಕಳಸ್ಬ್ಯಾಡ್ರಿ, ಇನ್ನೂ ಶಾರ್ಟ್ ಅನ್ನೋದು ಖಾತ್ರಿ ಆಗಿಲ್ಲ. ಬೀಪ್ ಅನ್ನೋದು ಶಾರ್ಟ್ ಅಂತ ಅರ್ಥ ಅಲ್ಲ, ‘ನನ್ನ ಲೆಕ್ಕಕ್ಕಿಂತ ಕಮ್ಮಿ ಓಮ್ ಇದೆ’ ಅಂತ ಅಷ್ಟೇ. ಬಹಳಷ್ಟು ಮೀಟರಲ್ಲಿ ಆ ಲೆಕ್ಕ 30 ಓಮೋ 50 ಓಮೋ ಇರುತ್ತೆ. ಪ್ರೊಸೆಸರಿಗೆ ಕೋರ್ ಸಪ್ಲೈ ಕೊಡೋ ಲೈನಲ್ಲಿ ಕೆಲವೇ ಓಮ್ ಇರೋದು ಮಾಮೂಲಿ, ಗ್ರಾಫಿಕ್ಸ್ ಚಿಪ್ಪಾದ್ರೆ ಒಂದು ಓಮಿಗಿಂತಲೂ ಕೆಳಗೆ ಇರಬಹುದು. ಬೀಪ್ ಬಿಟ್ಟು ಓಮ್ ರೇಂಜಲ್ಲಿ ಅಂಕಿ ಓದಿ, ಅದೇ ಮಾಡೆಲ್ಲಿನ ಸರಿ ಇರೋ ಬೋರ್ಡ್ ಜೊತೆ ಹೋಲಿಸಿ. ಆದ್ರೆ ಚಾರ್ಜರಿಂದ 19 ವೋಲ್ಟ್ ಬರೋ ಲೈನು, 5 ವೋಲ್ಟು, 3.3 ವೋಲ್ಟಿನ ಕಾಯಿಲ್ ಬೀಪ್ ಅಂದ್ರೆ ಆಗ ಅದು ಶಾರ್ಟ್ ಅಂತ ಹಿಡೀರಿ.

ಪ್ರಶ್ನೆ: ಉಡುಪಿಯಲ್ಲಿ ಸಣ್ಣ ಅಂಗಡಿ ನನ್ನದು. ಇನ್ವರ್ಟರ್ ಬಿಡಿ ಕಾರ್ಡ್ ತರಿಸಿದರೆ ಹಿಂದುಗಡೆ ಜಿಗುಟು ಜಿಗುಟು ಅಂಟು, ಕೆಲವು ಕಡೆ ಬಿಳಿ ಪುಡಿ ಉಂಟು. ಹಳೇ ಮಾಲು ಕೊಟ್ಟರಾ?

ಉತ್ತರ: ಹಳೇದು ಅಂತೇನಿಲ್ಲ. ಬೆಸುಗೆ ಚೆನ್ನಾಗಿ ಹರೀಲಿ ಅಂತ ಹಾಕೋ ಫ್ಲಕ್ಸ್ ಉಳಿದಿರೋದು ಅದು, ತೊಳೀದೆ ಕಳಿಸಿದಾರೆ. ‘ನೋ ಕ್ಲೀನ್’ ಅನ್ನೋ ಜಾತಿಯ ಫ್ಲಕ್ಸಾದ್ರೆ ತೊಳೀದೇ ಇದ್ರೂ ನಡೆಯುತ್ತೆ, ಆದ್ರೆ ಅದು ಪೂರ್ತಿ ಕಾದು ಗಟ್ಟಿಯಾಗಿರಬೇಕು. ಕೈಯಲ್ಲಿ ಬೆಸೆದು ಜಿಗುಟಾಗಿ ಬಿಟ್ಟಿದ್ರೆ ನಿಮ್ಮ ಕರಾವಳಿ ಗಾಳಿಯ ತೇವಕ್ಕೆ ಅದು ಧೂಳು ಹಿಡ್ಕೊಂಡು ಟ್ರ್ಯಾಕಿಂದ ಟ್ರ್ಯಾಕಿಗೆ, ಅಂದ್ರೆ ಒಂದು ತಾಮ್ರದ ಗೆರೆಯಿಂದ ಇನ್ನೊಂದಕ್ಕೆ, ಕರೆಂಟ್ ಸೋರೋಕೆ ದಾರಿ ಮಾಡುತ್ತೆ, ಮಳೆಗಾಲದಲ್ಲಿ ಮಾತ್ರ ತೊಂದ್ರೆ ಕೊಡೋ ಕಾರ್ಡುಗಳ ಗುಟ್ಟು ಎಷ್ಟೋ ಸಲ ಇದೇ. ಐಪಿಎ, ಬ್ರಶ್, ಆಮೇಲೆ ಚೆನ್ನಾಗಿ ಒಣಗಿಸಿ. ಫ್ಲಕ್ಸ್ ತೊಳೆದ ಮೇಲೆ ಬೆಸುಗೆ ಇನ್ನೊಂದ್ಸಲ ನೋಡಿ, ಆ ಅಂಟಿನ ಕೆಳಗೆ ಬಿರುಕು ಬಚ್ಚಿಟ್ಕೊಂಡಿರುತ್ತೆ.

ಪ್ರಶ್ನೆ: ಮೈಸೂರಲ್ಲಿ ನಾವು ಮೂರು ಜನ ಸೇರಿ ಹಾಲಿನ ಡೈರಿಗೆ ಟೆಂಪರೇಚರ್ ಅಲಾರಂ ಮಾಡ್ತಿದೀವಿ. 50 ಬೋರ್ಡ್ ಹೊರಗಡೆ ಅಸೆಂಬ್ಲಿ ಮಾಡ್ಸಿದ್ವಿ. ಮೂರರಲ್ಲಿ ಸಣ್ಣ ರೆಸಿಸ್ಟರ್ ಒಂದು ಕಾಲಲ್ಲಿ ಎದ್ದು ನಿಂತಿದೆ, ಎರಡು ಬೋರ್ಡ್ ಒಂದು ವಾರ ಓಡಿ ನಿಂತು ಹೋಯ್ತು. ಅಸೆಂಬ್ಲಿಯವರು ನಿಮ್ಮ ಡಿಸೈನ್ ಸರಿ ಇಲ್ಲ ಅಂತಾರೆ, ನಾವು ಅವರ ಬೆಸುಗೆ ಸರಿ ಇಲ್ಲ ಅಂತೀವಿ.

ಉತ್ತರ: ಇಬ್ಬರೂ ಸರಿ ಇರಬಹುದು, ಅದೇ ಇದರ ಮಜಾ.

ಎದ್ದು ನಿಂತಿರೋದಕ್ಕೆ ಈ ಲೈನಲ್ಲಿ ಟೂಂಬ್‌ಸ್ಟೋನ್ ಅಂತಾರೆ, ಸಮಾಧಿ ಕಲ್ಲಿನ ಥರ ನಿಲ್ಲುತ್ತಲ್ಲ ಅದಕ್ಕೆ. ಓವನ್ ಒಳಗೆ ಹೋದಾಗ ಎರಡು ಕಡೆ ಬೆಸುಗೆ ಪೇಸ್ಟೂ ಒಟ್ಟಿಗೆ ಕರಗಬೇಕು. ಒಂದು ಕಡೆ ಮೊದಲು ಕರಗಿದ್ರೆ ಅದು ಆ ಪುಟ್ಟ ಸಾಮಾನನ್ನ ತನ್ನ ಕಡೆಗೆ ಎಳ್ಕೊಳ್ಳುತ್ತೆ, ಇನ್ನೊಂದು ತುದಿ ಗಾಳಿಗೆ ಏಳುತ್ತೆ. ಈಗ ಒಂದು ಕೆಲಸ ಮಾಡಿ, ಮೂರೂ ಬೋರ್ಡಲ್ಲಿ ಎದ್ದು ನಿಂತಿರೋದು ಒಂದೇ ರೆಸಿಸ್ಟರಾ ಬೇರೆ ಬೇರೆಯಾ ನೋಡಿ. ಒಂದೇ ಆದ್ರೆ ತಪ್ಪು ನಿಮ್ಮ ಕಡೆ ಇರೋ ಸಾಧ್ಯತೆ ಜಾಸ್ತಿ: ಅದರ ಒಂದು ಪ್ಯಾಡನ್ನ ಅಗಲವಾದ ಗ್ರೌಂಡ್ ತಾಮ್ರಕ್ಕೆ ನೇರ ಸೇರಿಸಿರ್ತೀರಿ, ಆ ತಾಮ್ರ ಬಿಸಿ ಎಲ್ಲಾ ಕುಡಿದುಬಿಡುತ್ತೆ, ಆ ಕಡೆ ತಡವಾಗಿ ಕರಗುತ್ತೆ. ಮಧ್ಯ ಸಣ್ಣ ಸಣ್ಣ ಕಡ್ಡಿಗಳ ಥರ ಥರ್ಮಲ್ ರಿಲೀಫ್ ಬಿಟ್ಟಿದ್ರೆ ಇದು ಆಗ್ತಿರಲಿಲ್ಲ. ಬೇರೆ ಬೇರೆ ಜಾಗದಲ್ಲಿ ಎದ್ದಿದ್ರೆ ಅವರ ಪೇಸ್ಟೋ, ಮಶೀನೋ, ಓವನ್ ಬಿಸಿಯೋ ಸರಿ ಇಲ್ಲ. ಜಗಳಕ್ಕಿಂತ ಈ ಲೆಕ್ಕ ಹಾಳೆ ಮೇಲೆ ಬರ್ಕೊಂಡು ಹೋಗಿ, ಮಾತು ಐದು ನಿಮಿಷದಲ್ಲಿ ಮುಗಿಯುತ್ತೆ.

ಒಂದು ವಾರ ಓಡಿ ನಿಂತಿದ್ದು ಬೇರೆ ಜಾತಿಯ ರೋಗ. ಬೋರ್ಡುಗಳು ಒಟ್ಟಿಗೆ ದೊಡ್ಡ ಹಾಳೆಯಲ್ಲಿ ಬಂದ್ವಾ, ನೀವೇ ಕೈಯಲ್ಲಿ ಚಾಕೊಲೇಟ್ ಮುರಿದಂಗೆ ಮುರಿದ್ರಾ? ಹಂಗಾದ್ರೆ ಅಂಚಿನ ಹತ್ರ ಇರೋ ಸೆರಾಮಿಕ್ ಕೆಪಾಸಿಟರುಗಳನ್ನ ನೋಡಿ. ಅವು ಪಿಂಗಾಣಿ, ಬೋರ್ಡ್ ಬಾಗಿದ್ರೆ ಒಳಗೊಳಗೇ ಬಿರುಕು ಬಿಡ್ತವೆ, ಹೊರಗಿಂದ ಏನೂ ಕಾಣಲ್ಲ, ಆ ದಿನ ಕೆಲಸವೂ ಮಾಡ್ತವೆ. ತೇವ ಸೇರ್ಕೊಂಡು ವಾರ ಆದ್ಮೇಲೋ ತಿಂಗಳಾದ್ಮೇಲೋ ಶಾರ್ಟ್. ನಿಂತು ಹೋದ ಬೋರ್ಡಲ್ಲಿ ಶಾರ್ಟ್ ಇದ್ರೆ, ಕರೆಂಟ್ ಲಿಮಿಟ್ ಇಟ್ಟು ಒಂದು ವೋಲ್ಟಿನಷ್ಟು ಕೊಟ್ಟು ಮೇಲೆ ಐಪಿಎ ಸವರಿ, ಎಲ್ಲಿ ಮೊದಲು ಆರುತ್ತೋ ಅಲ್ಲಿ ಬಿಸಿ ಇದೆ, ಕಳ್ಳ ಅಲ್ಲೇ ಇದಾನೆ. ಮುಂದಿನ ಡಿಸೈನಲ್ಲಿ ಕೆಪಾಸಿಟರನ್ನ ಅಂಚಿಂದ ದೂರ, ಮುರಿಯೋ ಗೆರೆಗೆ ಸಮಾನಾಂತರವಾಗಿ ಇಡಿ.

ಇನ್ನು ಮುಂದೆ ಆರ್ಡರ್ ಕೊಡೋವಾಗ ಮಾತಲ್ಲಿ ‘ಚೆನ್ನಾಗಿ ಮಾಡ್ಕೊಡಿ’ ಅನ್ನೋದು ಬಿಡಿ. ಐಪಿಸಿ-ಎ-610 ಅನ್ನೋ ಒಂದು ಸ್ಟಾಂಡರ್ಡ್ ಇದೆ, ಯಾವ ಬೆಸುಗೆ ಪಾಸು ಯಾವುದು ಫೇಲು ಅಂತ ಚಿತ್ರ ಸಮೇತ ಹೇಳುತ್ತೆ. ಮೂರು ದರ್ಜೆ: ಒಂದನೇದು ಆಟಿಕೆ ಥರದ ಮಾಮೂಲಿ ಸಾಮಾನಿಗೆ, ಎರಡನೇದು ವರ್ಷಗಟ್ಟಲೆ ಓಡಬೇಕಾದ್ದಕ್ಕೆ, ಮೂರನೇದು ವಿಮಾನ, ಜೀವ ಉಳಿಸೋ ಯಂತ್ರ ಇಂಥದ್ದಕ್ಕೆ. ಆರ್ಡರ್ ಹಾಳೇಲಿ ‘ಕ್ಲಾಸ್ 2’ ಅಂತ ಬರೀರಿ. ಬರೀ ಬೋರ್ಡಿಗೆ, ಅಂದ್ರೆ ಸಾಮಾನು ಕೂರಿಸೋಕ್ ಮುಂಚೆ, ಎಲೆಕ್ಟ್ರಿಕಲ್ ಟೆಸ್ಟ್ ಆಗಿರಬೇಕು ಅಂತ ಬರೀರಿ, ಇಲ್ದಿದ್ರೆ ಒಳಪದರದ ಟ್ರ್ಯಾಕ್ ಕಟ್ಟಾಗಿದ್ರೆ ನಿಮ್ಮ ಯಾವ ಭೂತಗನ್ನಡಿಗೂ ಕಾಣಲ್ಲ. ಹೊಟ್ಟೆ ಕೆಳಗೆ ಗುಂಡು ಬೆಸುಗೆ ಇರೋ ಬಿಜಿಎ ಚಿಪ್ ಹಾಕಿದ್ರೆ ಎಕ್ಸ್‌ರೇ ಬಿಟ್ಟು ಬೇರೆ ದಾರಿ ಇಲ್ಲ, ಆದಷ್ಟು ಅದನ್ನ ತಪ್ಪಿಸಿ. ಮತ್ತೆ 50 ಒಟ್ಟಿಗೆ ಮಾಡಿಸ್ಬೇಡಿ, ಮೊದಲು ಎರಡು ಮಾಡ್ಸಿ, ಒಂದೊಂದು ಸಾಮಾನಿನ ನಂಬರ್ ಓದಿ, ಓಡಿಸಿ ನೋಡಿ, ಸಹಿ ಹಾಕಿದ್ಮೇಲೆ ಮಿಕ್ಕಿದ್ದು.

ಬೆಸುಗೆ ಎಷ್ಟೇ ಚೆನ್ನಾಗಿದ್ರೂ ಸಾಮಾನೇ ತಪ್ಪಿದ್ರೆ? 2012ರ ಮಾರ್ಚಲ್ಲಿ ರಾಸ್ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡಿನ ಮೊದಲ ಬ್ಯಾಚಿಗೇ ಹಿಂಗಾಯ್ತು. ಈಥರ್ನೆಟ್ ಜಾಕ್ ಒಳಗೆ ಪುಟ್ಟ ಟ್ರಾನ್ಸ್‌ಫಾರ್ಮರ್ ಇರೋ ಜಾಕ್ ಹಾಕ್ಬೇಕಿತ್ತು, ಚೀನಾದ ಫ್ಯಾಕ್ಟರಿಯವ್ರು ಅದು ಇಲ್ಲದ ಜಾಕ್ ಬೆಸೆದುಬಿಟ್ಟಿದ್ರು. ಹೊರಗಿಂದ ನೋಡೋಕೆ ಎರಡೂ ಒಂದೇ, ಬೆಸುಗೆ ನೂರಕ್ಕೆ ನೂರು, ನೆಟ್‌ವರ್ಕ್ ಮಾತ್ರ ಬರಲ್ಲ. ಟೆಸ್ಟ್ ಮಾಡೋವಾಗ ಸಿಕ್ಕಿಬಿತ್ತು, ಜಾಕ್ ಎಲ್ಲಾ ಬದಲಾಯಿಸ್ಬೇಕಾಯ್ತು, ಜನ ಕಾಯ್ತಾ ಕೂತ್ರು. ಆದ್ರಿಂದ ಕಣ್ಣಲ್ಲಿ ಪಾಸಾದ ಬೋರ್ಡನ್ನ ಓಡಿಸಿಯೂ ನೋಡಬೇಕು, ನಿಮ್ಮ ವಿಷಯದಲ್ಲಿ ಐಸ್ ನೀರಿಗೆ ಸೆನ್ಸರ್ ಅದ್ದಿ, ಬಿಸಿ ನೀರಿಗೆ ಅದ್ದಿ, ಅಲಾರಂ ಹೊಡ್ಕೊಳ್ಳೋವರೆಗೆ.

ಪ್ರಶ್ನೆ: ಟೈಪ್-ಸಿ ಇರೋ ಹೊಸ ಚಾರ್ಜಿಂಗ್ ಬೋರ್ಡ್, ಹಳೇ ಅಗಲ ಪಿನ್ ಚಾರ್ಜರ್ ವೈರಲ್ಲಿ ಚಾರ್ಜ್ ಆಗುತ್ತೆ, ಎರಡೂ ಕಡೆ ಟೈಪ್-ಸಿ ಇರೋ ವೈರಲ್ಲಿ ಆಗಲ್ಲ. ಸಾಕೆಟ್ ಬೆಸುಗೆ ಬಿಟ್ಟಿದ್ಯಾ? — ಶಿವಮೊಗ್ಗ

ಉತ್ತರ: ಇರಬಹುದು, ಆದ್ರೆ ನನ್ನ ಅನುಮಾನ ಬೇರೆ. ಟೈಪ್-ಸಿ ಚಾರ್ಜರ್ ಸುಮ್ಮಸುಮ್ನೆ 5 ವೋಲ್ಟ್ ಬಿಡಲ್ಲ. ಆ ಕಡೆ ಸಾಕೆಟಲ್ಲಿ ಸಿಸಿ1, ಸಿಸಿ2 ಅನ್ನೋ ಎರಡು ಕಾಲಿಗೆ ಒಂದೊಂದು 5.1 ಕಿಲೋಓಮ್ ರೆಸಿಸ್ಟರ್ ಗ್ರೌಂಡಿಗೆ ಇದ್ಯಾ ಅಂತ ನೋಡ್ಕೊಂಡು ಆಮೇಲೆ ಬಿಡುತ್ತೆ. ಅಗ್ಗದ ಬೋರ್ಡಲ್ಲಿ ಎರಡು ರೆಸಿಸ್ಟರಿನ ದುಡ್ಡು ಉಳಿಸ್ತಾರೆ. ಸಾಕೆಟ್ ಹಿಂದೆ 512 ಅಂತಲೋ 5101 ಅಂತಲೋ ಬರೆದಿರೋ ಎರಡು ಪುಟ್ಟ ರೆಸಿಸ್ಟರ್ ಇದ್ಯಾ ನೋಡಿ, ತೀರಾ ಸಣ್ಣದಾದ್ರೆ ಬರಹವೇ ಇರಲ್ಲ, ಮೀಟರಲ್ಲೇ ಅಳೀಬೇಕು. ದೊಡ್ಡವ್ರೂ ಇಲ್ಲಿ ಎಡವಿದಾರೆ, 2019ರಲ್ಲಿ ಬಂದ ರಾಸ್ಬೆರಿ ಪೈ 4ರಲ್ಲಿ ಎರಡು ಕಾಲಿಗೂ ಸೇರಿಸಿ ಒಂದೇ ರೆಸಿಸ್ಟರ್ ಹಾಕಿ ಕೆಲವು ವೈರುಗಳಲ್ಲಿ ಪವರ್ರೇ ಬರ್ತಿರಲಿಲ್ಲ, ಆಮೇಲಿನ ಬೋರ್ಡಲ್ಲಿ ಸರಿ ಮಾಡಿದ್ರು. ನಿಮ್ಮದಕ್ಕೆ ಪರಿಹಾರ, ಹಳೇ ವೈರೇ ಬಳಸಿ. ಅಷ್ಟು ಸಣ್ಣ ರೆಸಿಸ್ಟರ್ ಬೆಸೆಯೋ ಕೈ ಇದ್ರೆ ಮಾತ್ರ ಇನ್ನೊಂದು ದಾರಿ.

ಪ್ರಶ್ನೆ: ನಂಜನಗೂಡಿನಿಂದ ಒಬ್ಬ ತಾಯಿ ಬರೀತಿರೋದು. ಮಗಳು ಐಟಿಐ ಎಲೆಕ್ಟ್ರಾನಿಕ್ಸ್ ಮುಗಿಸಿದಾಳೆ, ಒಂದು ಫ್ಯಾಕ್ಟರೀಲಿ ಬೋರ್ಡ್ ಚೆಕ್ ಮಾಡೋ ಕೆಲಸ ಸಿಕ್ಕಿದೆ. ಸೀಸದ ಹೊಗೆ ಕುಡಿದು ಆರೋಗ್ಯ ಹಾಳಾಗುತ್ತೆ ಅಂತ ನಮ್ಮ ಬೀಗರು ಹೆದರಿಸ್ತಿದಾರೆ.

ಉತ್ತರ: ಅಮ್ಮ, ನಿಮ್ಮ ಕಡೆ ಸರ್ಕ್ಯೂಟ್ ಬೋರ್ಡ್ ಕೆಲಸ ಹೊಸದೇನಲ್ಲ, ನಂಜನಗೂಡಲ್ಲೇ ಪಿಸಿಬಿ ಮಾಡೋ ದೊಡ್ಡ ಫ್ಯಾಕ್ಟರಿ ಇದೆ, ಮೈಸೂರಲ್ಲಿ ಅಸೆಂಬ್ಲಿ ಮಾಡೋವೂ ಇವೆ. ಬೀಗರ ಮಾತಲ್ಲಿ ಅರ್ಧ ಸತ್ಯ ಇದೆ. ಸೀಸ ಕುದ್ದು ಹೊಗೆಯಾಗೋಕೆ 1,700 ಡಿಗ್ರಿ ದಾಟಬೇಕು, ಬೆಸುಗೆ ಹಾಕೋ ಐರನ್ 350-400 ಡಿಗ್ರಿ ಅಷ್ಟೇ, ಹಾಗಾಗಿ ಕಾಣೋ ಹೊಗೆ ಸೀಸದ್ದಲ್ಲ, ಫ್ಲಕ್ಸಿಂದು. ಆದ್ರೆ ಆ ಹೊಗೆಯೂ ಒಳ್ಳೇದಲ್ಲ, ರಾಳದ ಹೊಗೆ ವರ್ಷಗಟ್ಟಲೆ ಕುಡಿದವ್ರಿಗೆ ಉಬ್ಬಸ ಬರೋದುಂಟು. ಸೀಸ ಒಳಗೆ ಹೋಗೋದು ಹೆಚ್ಚಾಗಿ ಕೈಯಿಂದ ಬಾಯಿಗೆ, ಬೆಸುಗೆ ಮುಟ್ಟಿದ ಕೈಯಲ್ಲೇ ಊಟ ಮಾಡಿದ್ರೆ. ಚೆಕ್ ಮಾಡೋ ಕೆಲಸದಲ್ಲಿ ಐರನ್ ಹಿಡಿಯೋದೇ ಕಮ್ಮಿ, ಸೀಸ ಇಲ್ಲದ ಬೆಸುಗೆ ಬಳಸೋ ಲೈನಾದ್ರೆ ಆ ಚಿಂತೇನೂ ಇಲ್ಲ.

ಈ ಕೆಲಸದಲ್ಲಿ ನಿಜವಾಗಿ ದಣಿಯೋದು ಕಣ್ಣು, ಕುತ್ತಿಗೆ. ದಿನವಿಡೀ ಮೈಕ್ರೋಸ್ಕೋಪಿಗೆ ಬಗ್ಗಿರಬೇಕು. ಸೇರೋಕ್ ಮುಂಚೆ ಕಣ್ಣು ಟೆಸ್ಟ್ ಮಾಡ್ಸಿ, ಕನ್ನಡಕ ಬೇಕಾದ್ರೆ ಈಗಲೇ ಕೊಡ್ಸಿ. ಕೆಲಸಕ್ಕೆ ಒಪ್ಕೊಳ್ಳೋವಾಗ ಮೂರು ವಿಷಯ ಕೇಳೋಕೆ ಹೇಳಿ: ಬೆಸುಗೆ ಬೆಂಚಿಗೆ ಹೊಗೆ ಎಳೆಯೋ ಫ್ಯಾನ್ ಇದ್ಯಾ, ಮಧ್ಯ ಮಧ್ಯ ಬ್ರೇಕ್ ಕೊಡ್ತಾರಾ, ಐಪಿಸಿ-ಎ-610 ಟ್ರೈನಿಂಗ್ ಕಂಪನಿ ಖರ್ಚಲ್ಲೇ ಮಾಡಿಸ್ತಾರಾ. ಮೂರನೇದನ್ನ ಮರೀದೇ ಕೇಳ್ಬೇಕು, ಆ ಸರ್ಟಿಫಿಕೇಟ್ ಕೈಯಲ್ಲಿದ್ರೆ ನಾಳೆ ಬೇರೆ ಫ್ಯಾಕ್ಟರಿಗೆ ಹೋದ್ರೂ ಬೆಲೆ ಇರುತ್ತೆ, ಎರಡು ವರ್ಷಕ್ಕೊಮ್ಮೆ ರಿನ್ಯೂ ಮಾಡಿಸ್ಬೇಕು.